ಒತ್ತಡ ಬಂದಾಗ ಮೈ ಏನು ಮಾಡುತ್ತದೆ? ಸಂಘ, ಗುಂಪುಗಳಿಗೆ ದೇಹಾಭ್ಯಾಸದ ಸಮಗ್ರ ಮಾರ್ಗದರ್ಶಿ

ಗ್ರಾಮಸಭೆಯಲ್ಲಿ ಒಬ್ಬ ಹೆಣ್ಣುಮಗಳು ಪ್ರಶ್ನೆ ಕೇಳಲು ಏಳುತ್ತಾಳೆ. ಪ್ರಶ್ನೆ ಬಾಯಿಪಾಠ ಆಗಿದೆ, ಅರ್ಜಿಯ ನಕಲು ಕೈಯಲ್ಲಿದೆ, ಕಾನೂನೂ ಗೊತ್ತಿದೆ. ಪಿಡಿಒ ತಲೆಯೆತ್ತಿ ನೋಡುತ್ತಾರೆ. ಅಷ್ಟಕ್ಕೇ ಅವಳ ಕೈ ಸೆರಗಿಗೆ ಹೋಗುತ್ತದೆ, ಹೆಗಲು ಮುಂದಕ್ಕೆ ಬಾಗುತ್ತದೆ, ಉಸಿರು ಎದೆಯಲ್ಲೇ ನಿಲ್ಲುತ್ತದೆ. "ಏನಿಲ್ಲ ಸಾರ್" ಎಂದು ಕೂತುಬಿಡುತ್ತಾಳೆ. ಮಾಹಿತಿ ಸಾಲದೆ ಹೀಗಾಗಲಿಲ್ಲ. ತಲೆ ಯೋಚಿಸುವ ಮೊದಲೇ ಮೈ ತೀರ್ಮಾನ ಮಾಡಿಬಿಟ್ಟಿತ್ತು.

ಈ ಮಾರ್ಗದರ್ಶಿ ಇರುವುದು ಆ ಒಂದೆರಡು ಕ್ಷಣಗಳಿಗಾಗಿ. ಸ್ವಸಹಾಯ ಸಂಘ, ಕಾರ್ಮಿಕ ಸಂಘಟನೆ, ಯುವಕ ಮಂಡಲ, ಆಶಾ ಕಾರ್ಯಕರ್ತೆಯರ ಗುಂಪು, ಯಾವುದೇ ಇರಲಿ, 10ರಿಂದ 14 ಜನರನ್ನು ಕೂಡಿಸಿಕೊಂಡು ಆರು ವಾರ, ವಾರಕ್ಕೊಮ್ಮೆ 90 ನಿಮಿಷ ನಡೆಸಬಹುದಾದ ಅಭ್ಯಾಸಗಳು ಇಲ್ಲಿವೆ. ಇಂಗ್ಲಿಷಿನಲ್ಲಿ ಇವಕ್ಕೆ ಸೊಮ್ಯಾಟಿಕ್ ಅಭ್ಯಾಸ ಎನ್ನುತ್ತಾರೆ. ಮೊದಲೇ ಹೇಳಿಬಿಡೋಣ: ಇದು ಮನಸ್ಸು ಹಗುರ ಮಾಡಿಕೊಳ್ಳುವ ಶಿಬಿರವಲ್ಲ. ಕಣ್ಣು ಮುಚ್ಚಿ, ಮೆಲುಸಂಗೀತ ಹಾಕಿ ಕೂರಿಸಿದರೆ ಜನರಿಗೆ ಹಾಯೆನಿಸುತ್ತದೆ, ನಿಜ. ಆದರೆ ತಹಶೀಲ್ದಾರರ ಕಚೇರಿಯ ಕಿಟಕಿ ಮುಂದೆ ಆ ಹಾಯಿ ನಿಲ್ಲುವುದಿಲ್ಲ. ಮೈ ಕಲಿಯಬೇಕಾದದ್ದು ಒತ್ತಡದ ನಡುವೆಯೇ. ಹಾಗಾಗಿ ಒತ್ತಡವನ್ನು ಸಣ್ಣ ಪ್ರಮಾಣದಲ್ಲಿ, ಬೇಕೆಂದೇ, ಗೆಳೆಯರ ನಡುವೆ ತಂದುಕೊಂಡು ಅಭ್ಯಾಸ ಮಾಡುತ್ತೇವೆ.

ಹೀಗೆ ಮಾಡಿ ಫಲ ಕಂಡವರು ಇದ್ದಾರೆ. ಅಮೆರಿಕದ ಜೇಮ್ಸ್ ಲಾಸನ್ 1950ರ ದಶಕದಲ್ಲಿ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಇದ್ದವರು, ಗಾಂಧಿಯವರ ವಿಧಾನವನ್ನು ಅಭ್ಯಾಸ ಮಾಡಿದವರು. ಊರಿಗೆ ಮರಳಿದ ಮೇಲೆ ನ್ಯಾಶ್‌ವಿಲ್ ನಗರದ ಒಂದು ಚರ್ಚಿನಲ್ಲಿ ಕರಿಯ ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟರು. ಅಂಗಡಿಗಳೊಳಗೆ ಬಿಳಿಯರಿಗಷ್ಟೇ ಮೀಸಲಾಗಿದ್ದ ಊಟದ ಕೌಂಟರುಗಳಲ್ಲಿ ಹೋಗಿ ಕೂರುವ ಚಳವಳಿ ಅದು. ತರಬೇತಿಯಲ್ಲಿ ಕುರ್ಚಿಗಳನ್ನು ಸಾಲಾಗಿ ಇಟ್ಟು, ಅರ್ಧ ಜನ ಕೂರುತ್ತಿದ್ದರು, ಉಳಿದರ್ಧ ಜನ ಬೈಯುವವರ ಪಾತ್ರ ವಹಿಸಿ ಮುಖಕ್ಕೆ ಸಿಗರೇಟಿನ ಹೊಗೆ ಬಿಡುತ್ತಿದ್ದರು, ತಳ್ಳುತ್ತಿದ್ದರು, ಕುರ್ಚಿಯಿಂದ ಕೆಡವುತ್ತಿದ್ದರು. 1960ರ ಫೆಬ್ರುವರಿಯಲ್ಲಿ ನಿಜವಾದ ಕೌಂಟರಿನಲ್ಲಿ ಕೂತಾಗ ಅವರ ನಿಯಮಪಟ್ಟಿಯಲ್ಲಿದ್ದ ಎರಡು ಮಾತು ಗಮನಿಸಿ: ನೆಟ್ಟಗೆ ಕೂರಬೇಕು, ಮುಖ ಸದಾ ಕೌಂಟರಿನತ್ತ ಇರಬೇಕು. ಎರಡೂ ಮೈಗೆ ಕೊಟ್ಟ ಸೂಚನೆಗಳು. ಅದೇ ವರ್ಷದ ಮೇ 10ರಂದು ಆ ನಗರದ ಆರು ಅಂಗಡಿಗಳು ಕೌಂಟರುಗಳನ್ನು ಎಲ್ಲರಿಗೂ ತೆರೆದವು.

ಮೊದಲು ತಯಾರಿ

ಜಾಗ: ಅಂಗನವಾಡಿ, ಸಮುದಾಯ ಭವನ, ಶಾಲೆಯ ಕೊಠಡಿ ಯಾವುದಾದರೂ ಆದೀತು. ಇಬ್ಬಿಬ್ಬರು ಎದುರುಬದುರು ನಿಂತು ಕೈ ಚಾಚಿದರೂ ಪಕ್ಕದವರಿಗೆ ತಾಗಬಾರದು, ಅಷ್ಟು ಜಾಗ ಬೇಕು. 12 ಜನರಿಗೆ 20 ಅಡಿ ಉದ್ದ, 20 ಅಡಿ ಅಗಲದ ಕೋಣೆ ಸಾಕು. ಕಿಟಕಿಯಲ್ಲಿ ಇಣುಕುವವರು ಇರಬಾರದು. ಜಮಖಾನ ಕೂರುವುದಕ್ಕೆ ಮಾತ್ರ. ನಿಂತು ಮಾಡುವ ಅಭ್ಯಾಸಕ್ಕೆ ಅದನ್ನು ಸುತ್ತಿಡಿ, ನುಣುಪು ನೆಲದ ಮೇಲೆ ಜಮಖಾನ ಜಾರುತ್ತದೆ. ಬರಿಗಾಲು ಒಳ್ಳೆಯದು.

ಹೊತ್ತು: ಹಳ್ಳಿಯಲ್ಲಾದರೆ ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಿಗೆ ಇಟ್ಟುಕೊಳ್ಳಬೇಡಿ, ಅರ್ಧ ಜನ ಗಡಿಯಾರ ನೋಡುತ್ತಿರುತ್ತಾರೆ. ಮಧ್ಯಾಹ್ನ ಎರಡರಿಂದ ಮೂರೂವರೆ ಹೊಂದುತ್ತದೆ. ಗಾರ್ಮೆಂಟ್ಸ್ ಕೆಲಸದವರಿಗೆ ಭಾನುವಾರ ಬಿಟ್ಟರೆ ದಾರಿಯಿಲ್ಲ. ಅವರಿಗೆ ಅದು ಬಟ್ಟೆ ಒಗೆಯುವ ದಿನವೂ ಹೌದು, ಆದ್ದರಿಂದ ಬೆಳಗ್ಗೆ ಬೇಡ. ಊಟವಾಗಿ ಒಂದು ಗಂಟೆಯಾದರೂ ಕಳೆದಿರಲಿ.

ನಡೆಸುವವರು ಇಬ್ಬರು ಬೇಕೇಬೇಕು. ಒಬ್ಬರು ಹೇಳಿಕೊಡುತ್ತಿರುವಾಗ ಇನ್ನೊಬ್ಬರು ಮುಖಗಳನ್ನು ನೋಡುತ್ತಿರಬೇಕು. ಯಾರಾದರೂ ಎದ್ದು ಹೊರಗೆ ಹೋದರೆ ಜೊತೆಗೆ ಹೋಗಲು ಒಬ್ಬರು ಇರಬೇಕಲ್ಲ.

ಆರೋಗ್ಯದ ಪ್ರಶ್ನೆಗಳನ್ನು ಎಲ್ಲರ ಮುಂದೆ ಕೇಳಬೇಡಿ. ಮೊದಲ ದಿನ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ವಿಚಾರಿಸಿ: ಬಸಿರೇ, ಇತ್ತೀಚೆಗೆ ಆಪರೇಷನ್ ಆಗಿದೆಯೇ, ಬಿಪಿ ಹತೋಟಿಯಲ್ಲಿದೆಯೇ, ಮೂರ್ಛೆ ರೋಗ ಇದೆಯೇ, ಭುಜ ಅಥವಾ ಮಣಿಕಟ್ಟಿನ ನೋವಿದೆಯೇ. ಇದ್ದರೆ ಹಿಡಿಯುವ, ಎಳೆಯುವ ಅಭ್ಯಾಸಗಳನ್ನು ಅವರು ನೋಡುತ್ತಾ ಕಲಿಯಲಿ.

ಮುಟ್ಟುವ ಮಾತು

ಹೊರದೇಶದ ಕೈಪಿಡಿಗಳು "ಒಪ್ಪಿಗೆ ಕೇಳಿ ಮುಟ್ಟಿ" ಎಂದು ಒಂದು ಸಾಲಿನಲ್ಲಿ ಮುಗಿಸುತ್ತವೆ. ನಮ್ಮಲ್ಲಿ ಅಷ್ಟು ಸಾಲದು. ಯಾರು ಯಾರನ್ನು ಮುಟ್ಟಬಹುದು, ಯಾರ ಪಕ್ಕ ಯಾರು ಕೂರಬಹುದು ಎಂಬುದರ ಮೇಲೆಯೇ ಜಾತಿ ನಿಂತಿದೆ. ದಲಿತ ಹೆಣ್ಣುಮಗಳಿಗೆ "ಮುಟ್ಟಲೇ ಅಕ್ಕ?" ಎಂದು ಮೇಲ್ಜಾತಿಯ ಜೊತೆಗಾತಿ ಕೇಳಿದರೆ, "ಬೇಡ" ಎನ್ನುವ ಸ್ವಾತಂತ್ರ್ಯ ಅವಳಿಗೆ ನಿಜಕ್ಕೂ ಇದೆಯೇ? ಗಂಡಸರು, ಹೆಂಗಸರು ಕೂಡಿದ ಗುಂಪಿನಲ್ಲಿ ಇದೇ ತೊಡಕು ಬೇರೆ ರೂಪದಲ್ಲಿ ಬರುತ್ತದೆ.

ದಾರಿ ಇದು. ಮುಟ್ಟುವ ಪ್ರತಿ ಅಭ್ಯಾಸಕ್ಕೂ ಟವೆಲ್ಲಿನ ಬದಲಿ ರೂಪವಿದೆ: ಒಂದು ತುದಿ ಒಬ್ಬರ ಕೈಯಲ್ಲಿ, ಇನ್ನೊಂದು ತುದಿ ಮತ್ತೊಬ್ಬರ ಕೈಯಲ್ಲಿ. ಎಳೆತ ಅಷ್ಟೇ ಚೆನ್ನಾಗಿ ದಾಟುತ್ತದೆ. ಮೊದಲ ಎರಡು ವಾರ ಮುಟ್ಟುವ ಪ್ರಸಂಗ ಬಂದರೆ ಇಡೀ ಗುಂಪು ಟವೆಲ್ಲಿನಲ್ಲೇ ಮಾಡಲಿ. ಯಾವುದೋ ಒಂದು ಜೋಡಿಗೆ ಮಾತ್ರ ಟವೆಲ್ ಕೊಡಬೇಡಿ. ಹಾಗೆ ಮಾಡಿದರೆ ಮುಟ್ಟದಿರುವುದಕ್ಕೆ ನೀವೇ ವ್ಯವಸ್ಥೆ ಮಾಡಿಕೊಟ್ಟಂತೆ. ಮೂರನೆಯ ವಾರ ಕೈಯಲ್ಲಿ ಹಿಡಿಯುವ ರೂಪಕ್ಕೆ ಬಂದಾಗ ಜೋಡಿಗಳನ್ನು ನೀವು ಹೇರದೆ, ಬೇಡವೆನಿಸಿದವರು ಇನ್ನೂ ಟವೆಲ್ಲಿನಲ್ಲೇ ಇರಬಹುದು ಎಂದು ಎಲ್ಲರಿಗೂ ಕೇಳುವಂತೆ ಹೇಳಿ. ಒಬ್ಬರನ್ನು ಯಾರೂ ಜೋಡಿಗೆ ಕರೆಯದಿದ್ದರೆ ನಡೆಸುವವರೇ ಅವರ ಜೋಡಿಯಾಗಿ, ಆಮೇಲೆ ಆ ವಿಷಯವನ್ನು ಗುಂಪಿನಲ್ಲಿ ಎತ್ತಿ. ನುಂಗಿಕೊಂಡು ಮುಂದೆ ಹೋದರೆ ಉಳಿದ ಅಭ್ಯಾಸಗಳೆಲ್ಲ ಸುಳ್ಳಾಗುತ್ತವೆ.

ಇನ್ನೆರಡು ನಿಯಮ. "ನಿಲ್ಲಿಸಿ" ಎಂದು ಯಾರು ಅಂದರೂ ಆ ಕ್ಷಣಕ್ಕೆ ಎಲ್ಲ ನಿಲ್ಲಬೇಕು, ಕಾರಣ ಕೇಳಬಾರದು. ಮತ್ತೆ, ಕೂರುವಾಗ ನಡೆಸುವವರಿಗೆ ಕುರ್ಚಿ, ಉಳಿದವರಿಗೆ ನೆಲ ಎಂಬುದು ಬೇಡ. ಮಂಡಿನೋವಿನವರಿಗೆ ಕುರ್ಚಿ ಕೊಡಿ, ಅವರ ಜೊತೆಗೆ ಇನ್ನಿಬ್ಬರು ಕುರ್ಚಿಯಲ್ಲೇ ಕೂರಲಿ.

ಅಭ್ಯಾಸ 1: ನಿಲ್ಲುವುದು (ಮೊದಲ ವಾರ, ಆಮೇಲೆ ಪ್ರತಿ ಸಲ 5 ನಿಮಿಷ)

ಪಾದಗಳ ನಡುವೆ ಒಂದು ಪಾದದ ಅಂತರ ಇರಲಿ. ಮಂಡಿ ಬಿಗಿದು ಲಾಕ್ ಆಗಬಾರದು, ಕೂದಲೆಳೆಯಷ್ಟು ಸಡಿಲ ಇರಲಿ. ನಿಧಾನವಾಗಿ ಮುಂದಕ್ಕೆ ವಾಲಿ, ಬೆರಳುಗಳು ನೆಲ ಕಚ್ಚುವವರೆಗೆ. ಹಿಂದಕ್ಕೆ ವಾಲಿ, ಹಿಮ್ಮಡಿಯ ಮೇಲೆ ಭಾರ ಬೀಳುವವರೆಗೆ. ಹೀಗೆ ಐದು ಸಲ, ಪ್ರತಿ ಸಲ ಕಡಿಮೆ ಮಾಡುತ್ತಾ ಬಂದು ಎರಡರ ನಡುವೆ ನಿಲ್ಲಿ. ಅಂಗಾಲಿನ ಮುಂಭಾಗಕ್ಕೂ ಹಿಮ್ಮಡಿಗೂ ಭಾರ ಸಮವಾಗಿ ಹಂಚಿರಬೇಕು.

ಈಗ ಮೇಲಕ್ಕೆ ಬನ್ನಿ. ಕುಂಡಿ ಬಿಗಿಹಿಡಿದಿದ್ದರೆ ಬಿಡಿ. ಹೊಟ್ಟೆ ಬಿಡಿ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದ್ದರೆ ಕೆಳಗೆ ಇಳಿಸಿ, ದವಡೆ ತಾನಾಗಿ ಸಡಿಲವಾಗುತ್ತದೆ. ಕಣ್ಣು ತೆರೆದೇ ಇರಲಿ. ಎದುರಿನ ಗೋಡೆಯ ಒಂದು ಚುಕ್ಕಿ ನೋಡುತ್ತಲೇ ಎಡಬಲದ ಗೋಡೆಗಳೂ ಅಂಚಿನಲ್ಲಿ ಕಾಣುವಷ್ಟು ನೋಟ ಅಗಲಿಸಿ.

ಆಮೇಲೆ ಉಸಿರು. ಮೂಗಿನಿಂದ ಮೂರು ಎಣಿಸುವಷ್ಟು ಒಳಗೆ, ಐದು ಎಣಿಸುವಷ್ಟು ಹೊರಗೆ, ಆರು ಸುತ್ತು. ಉಸಿರು ಕಟ್ಟುವುದು ಬೇಡ. ಒಳಗೆ ಎಳೆದಾಗ ಎದೆಬಡಿತ ತುಸು ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಬಿಡುವ ಹೊತ್ತನ್ನು ಉದ್ದ ಮಾಡುವುದು ಇದಕ್ಕಾಗಿ. ಇದನ್ನು ವಿವರಿಸಲು ಪಾಲಿವೇಗಲ್ ಸಿದ್ಧಾಂತವನ್ನು (ಮೈಯ ಒತ್ತಡ, ನೆಮ್ಮದಿಗಳನ್ನು ವೇಗಸ್ ಎಂಬ ನರದ ಮೂಲಕ ವಿವರಿಸುವ ವಾದ) ಎಳೆದು ತರುವವರು ಬಹಳ. ಆ ಸಿದ್ಧಾಂತದ ಕೆಲವು ಭಾಗಗಳ ಬಗ್ಗೆ ವಿಜ್ಞಾನಿಗಳಲ್ಲೇ ತಕರಾರಿದೆ, ಈ ಅಭ್ಯಾಸಕ್ಕೆ ಅದರ ಅಗತ್ಯವೂ ಇಲ್ಲ.

ಎಲ್ಲಿ ಕೆಡುತ್ತದೆ? ಯೋಗ ಶಿಬಿರಕ್ಕೆ ಹೋದವರು ಹೊಟ್ಟೆ ಎಳೆದು, ಎದೆ ಮುಂದೆ ಮಾಡಿ ನಿಲ್ಲುತ್ತಾರೆ. ಎನ್‌ಸಿಸಿಯಲ್ಲಿ ಇದ್ದವರದೂ ಅದೇ ಕಥೆ. ಅವರಿಗೆ "ಸಾವಧಾನ್ ಅಲ್ಲ, ಬಸ್ಸಿಗೆ ಕಾಯುತ್ತಿದ್ದೀರಿ" ಎಂದರೆ ಸಾಕು. ಕೆಲವರಿಗೆ ತಲೆ ಸುತ್ತುತ್ತದೆ. ಅದು ಉತ್ಸಾಹದಿಂದ ದೊಡ್ಡ ದೊಡ್ಡ ಉಸಿರು ಎಳೆದು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದದ್ದರಿಂದ. ಕೂರಿಸಿ, ಎಣಿಕೆ ಬಿಟ್ಟು ತಮ್ಮ ಪಾಡಿಗೆ ಉಸಿರಾಡಲು ಹೇಳಿ.

ಅಭ್ಯಾಸ 2: ಉದ್ದ, ಅಗಲ, ಆಳ (ಎರಡನೆಯ ವಾರ, 20 ನಿಮಿಷ)

ಐಕಿಡೊ ಎಂಬ ಜಪಾನಿ ಸಮರಕಲೆಯಿಂದ ಪ್ರಭಾವಿತರಾದ ಅಮೆರಿಕದ ತರಬೇತುದಾರರು ರೂಢಿಗೆ ತಂದ ಕ್ರಮ ಇದು. ನಿಂತ ನಿಲುವಿನಲ್ಲೇ ಗಮನವನ್ನು ಮೂರು ದಿಕ್ಕಿಗೆ ಹರಡುವುದು.

ಉದ್ದ ಅಂಗಾಲಿನಿಂದ ನೆತ್ತಿಯವರೆಗೆ. ಗದ್ದ ಮೇಲೆತ್ತಿದರೆ ಉದ್ದವಾದಂತೆ ಅನಿಸುತ್ತದೆ, ನಿಜವಾಗಿ ಕುತ್ತಿಗೆಯ ಹಿಂಭಾಗ ಕುಗ್ಗಿರುತ್ತದೆ. ಗದ್ದ ನೆಲಕ್ಕೆ ಸಮಾಂತರ ಇಟ್ಟು, ಕಿವಿಗಳ ಹಿಂದಿನಿಂದ ಮೇಲೇಳಿ.

ಅಗಲ ಹೆಗಲಿನಿಂದ ಹೆಗಲಿಗೆ, ಸೊಂಟದ ಈ ಬದಿಯಿಂದ ಆ ಬದಿಗೆ. ಬಸ್ಸಿನ ಸೀಟಿನಲ್ಲಿ ಮುದುಡಿ ಕೂತೇ ಬೆಳೆದ ಹೆಂಗಸರಿಗೆ ಇದು ಮೂರರಲ್ಲಿ ಕಷ್ಟದ್ದು. ಮೊಣಕೈಯನ್ನು ಪಕ್ಕೆಲುಬಿನಿಂದ ಎರಡು ಬೆರಳಿನಷ್ಟು ದೂರ ತನ್ನಿ, ಅಷ್ಟೇ ಸಾಕು. ಆ ಎರಡು ಬೆರಳಿನ ಜಾಗಕ್ಕೇ ಹಲವರಿಗೆ ಮುಜುಗರವಾಗಿ ನಗು ಬರುತ್ತದೆ. ನಗಲಿ. ಗಂಡಸರ ಗುಂಪಿನಲ್ಲಿ ಸಾಮಾನ್ಯವಾಗಿ ತದ್ವಿರುದ್ಧ, ಅವರಿಗೆ ಎದೆ, ತೋಳು ಇಳಿಸುವುದೇ ಪಾಠ.

ಆಳ ಎದೆಯಿಂದ ಬೆನ್ನಿಗೆ. ನಾವೆಲ್ಲ ಮುಂಭಾಗದಲ್ಲೇ ಬದುಕುತ್ತೇವೆ, ಬೆನ್ನಿನ ನೆನಪಾಗುವುದು ನೋವು ಬಂದಾಗ. ಒಂದು ನಿಮಿಷ ಗೋಡೆಗೆ ಒರಗಿ ನಿಂತು, ಉಸಿರು ಎಳೆದಾಗ ಪಕ್ಕೆಲುಬಿನ ಹಿಂಭಾಗ ಗೋಡೆಯನ್ನು ಒತ್ತುವುದನ್ನು ಗಮನಿಸಿ. ಆಮೇಲೆ ಗೋಡೆಯಿಂದ ಒಂದು ಹೆಜ್ಜೆ ಮುಂದೆ ಬಂದು ಅದೇ ಬೆನ್ನನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಸಂಘದವರು ಹಿಂದೆ ಸಾಲಾಗಿ ನಿಂತರೆ, ಮುಟ್ಟದೆಯೂ, ಮುಂದಿರುವವರ ದನಿ ಬದಲಾಗುತ್ತದೆ. ಪರೀಕ್ಷಿಸಿ ನೋಡಿ: ಒಂದೇ ವಾಕ್ಯವನ್ನು ಒಬ್ಬರೇ ನಿಂತು ಒಮ್ಮೆ, ಹಿಂದೆ ನಾಲ್ವರಿದ್ದಾಗ ಒಮ್ಮೆ ಹೇಳಿಸಿ.

ಕೊನೆಗೆ ಪ್ರತಿಯೊಬ್ಬರೂ ಒಂದು ವಾಕ್ಯ ಇಟ್ಟುಕೊಳ್ಳಬೇಕು. "ನ್ಯಾಯ ಬೇಕು" ಎಂಬಂಥದ್ದು ಆಗುವುದಿಲ್ಲ. "ನಮ್ಮ ಕೇರಿಗೆ ಬೀದಿದೀಪ ಹಾಕಿಸಬೇಕು", "ಓವರ್‌ಟೈಮ್ ದುಡ್ಡು ಈ ತಿಂಗಳ ಸಂಬಳದಲ್ಲಿ ಬರಬೇಕು", ಇಂಥದ್ದು ಆಗಬೇಕು. ಉಳಿದ ವಾರಗಳಿಗೆಲ್ಲ ಇದೇ ವಾಕ್ಯ. ವಾರಕ್ಕೊಂದು ಬದಲಿಸಿದರೆ ಯಾವುದೂ ಮೈಗೆ ಇಳಿಯುವುದಿಲ್ಲ.

ಅಭ್ಯಾಸ 3: ಹಿಡಿತ (ಮೂರನೆಯ ಮತ್ತು ನಾಲ್ಕನೆಯ ವಾರ, 40 ನಿಮಿಷ)

ಇಡೀ ಕ್ರಮದ ತಿರುಳು ಇದು. ಹೊತ್ತು ಕಡಿಮೆ ಬಿದ್ದರೆ ಬೇರೆ ಯಾವುದನ್ನಾದರೂ ಬಿಡಿ, ಇದನ್ನು ಬಿಡಬೇಡಿ. ಒಂದು ಸಣ್ಣ ಆದರೆ ಮುಖ್ಯ ಎಚ್ಚರಿಕೆ: ಗಾಜಿನ ಬಳೆ ತೊಟ್ಟ ಕೈಯ ಮಣಿಕಟ್ಟು ಹಿಡಿಯಬಾರದು, ಒಡೆದು ಚುಚ್ಚುತ್ತದೆ. ಬಳೆಗಿಂತ ನಾಲ್ಕು ಬೆರಳು ಮೇಲೆ, ಮುಂಗೈಯನ್ನು ಹಿಡಿಯಬೇಕು. ಬಳೆ ತೆಗೆಯಲು ಹೇಳುವುದು ಬೇಡ, ಮುತ್ತೈದೆಯರು ಒಪ್ಪುವುದಿಲ್ಲ, ಒಪ್ಪಿಸುವ ಅಗತ್ಯವೂ ಇಲ್ಲ.

1. ಇಬ್ಬರು ಅಕ್ಕಪಕ್ಕ, ಒಂದು ತೋಳಿನ ದೂರದಲ್ಲಿ ನಿಲ್ಲಲಿ. ಅಭ್ಯಾಸ ಮಾಡುವವರು ಎದುರಿಗೆ ನೋಡುತ್ತಿರಲಿ, ಹಿಡಿಯುವವರು ಪಕ್ಕದಲ್ಲಿರಲಿ.

2. ಹಿಡಿಯುವವರು "ಹಿಡೀತೀನಿ" ಎಂದು ಹೇಳಿ, ಮುಂಗೈ ಹಿಡಿದು ಐದು ಎಣಿಸಿ ಬಿಡಲಿ. ಬಲ ಹತ್ತರಲ್ಲಿ ಮೂರು: ಜನಸಂದಣಿಯಲ್ಲಿ ಮಗುವಿನ ಕೈ ಹಿಡಿಯುವಷ್ಟು.

3. ಹಿಡಿಸಿಕೊಂಡವರು ಏನನ್ನೂ ಬದಲಿಸಬಾರದು, ಗಮನಿಸಬೇಕು ಅಷ್ಟೇ. ಉಸಿರು ಎಲ್ಲಿ ನಿಂತಿತು? ಭಾರ ಯಾವ ಕಾಲಿಗೆ ಹೋಯಿತು? ಕಣ್ಣು ಎತ್ತ ಓಡಿತು? ಹೀಗೆ ಮೂರು ಸಲ. ಆಮೇಲೆ ಒಂದೇ ವಾಕ್ಯದಲ್ಲಿ ಜೋಡಿಗೆ ಹೇಳಬೇಕು: "ನನ್ನ ಹೆಗಲು ಏರಿತು, ನಗು ಬಂತು."

4. ಈಗ ಹಿಡಿದ ಮೇಲೆ ಉಸಿರು ಬಿಡಿ. ಅಂಗಾಲು, ಬೆನ್ನು, ಅಗಲ, ಈ ಕ್ರಮದಲ್ಲಿ ನೆನಪಿಸಿಕೊಳ್ಳಿ. ನೋಟ ಎದುರಿಗೇ ಇರಲಿ. ತಮ್ಮ ವಾಕ್ಯವನ್ನು ಒಮ್ಮೆ ಗಟ್ಟಿಯಾಗಿ ಹೇಳಿ. ಐದು ಸಲ.

5. ನಾಲ್ಕನೆಯ ವಾರ ಇದಕ್ಕೆ ಮೆಲ್ಲನೆಯ ಎಳೆತ ಸೇರಿಸಿ. ಅದು ರೂಢಿಯಾದ ಮೇಲೆ ಹಿಡಿಯುವವರು ಮಾತನ್ನೂ ಸೇರಿಸಲಿ. ಯಾವ ಮಾತು ಎಂಬುದನ್ನು ಹಿಡಿಸಿಕೊಳ್ಳುವವರೇ ಆರಿಸಬೇಕು: "ಏನಮ್ಮಾ ನಿಂದು?", "ಮನೇಲಿ ಹೇಳಿ ಬಂದಿದೀಯಾ?" ಇತ್ಯಾದಿ.

ಮೂರನೆಯ ಹಂತದಲ್ಲಿ ಹೊರಬೀಳುವುದು ಪ್ರತಿಯೊಬ್ಬರ ಹಳೆಯ ಚಾಳಿ. ಕೆಲವರು ಎಳೆದವರ ಕಡೆಗೇ ವಾಲುತ್ತಾರೆ, ಕೆಲವರು ಕೈ ಕಿತ್ತುಕೊಳ್ಳುತ್ತಾರೆ, ಕೆಲವರು ಹಲ್ಲುಕಿರಿಯುತ್ತಾರೆ, ಕೆಲವರು ಕೊರಡಾಗುತ್ತಾರೆ. ಇವುಗಳಲ್ಲಿ ಒಳ್ಳೆಯದು, ಕೆಟ್ಟದ್ದು ಎಂದಿಲ್ಲ. ಜಮೀನ್ದಾರರು ಎದುರಾದರೆ ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಿಗೆ ಸೇರಿಸಿ ಬದಿಗೆ ಸರಿದು ನಿಂತ ತಲೆಮಾರುಗಳಿಗೆ ಆ ಬಾಗುವಿಕೆಯೇ ಏಟು ತಪ್ಪಿಸಿತ್ತು. ಕಾಪಾಡಿದ ಚಾಳಿಯನ್ನು ಮೈ ಸುಮ್ಮನೆ ಬಿಟ್ಟುಕೊಡುವುದಿಲ್ಲ. ಅದನ್ನು ಕಿತ್ತುಹಾಕುವ ಮಾತೇ ಬೇಡ, ಇನ್ನೊಂದು ದಾರಿಯೂ ಮೈಗೆ ಗೊತ್ತಿರಲಿ ಎಂಬುದಷ್ಟೇ ಗುರಿ.

ತಪ್ಪುವ ಬಗೆ ಮುಖ್ಯವಾಗಿ ಎರಡು. ಒಂದು, ಇದು ಕುಸ್ತಿಯಾಗುತ್ತದೆ: ಕೈ ಬಿಡಿಸಿಕೊಳ್ಳುವುದೇ ಗೆಲುವು ಎಂದುಕೊಳ್ಳುತ್ತಾರೆ. ಬಿಡಿಸಿಕೊಳ್ಳಬೇಕಿಲ್ಲ, ಹಿಡಿತದೊಳಗೇ ನಿಮ್ಮ ಉಸಿರು, ನಿಮ್ಮ ಮಾತು ನಿಮ್ಮದಾಗಿರಬೇಕು ಎಂದು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಇನ್ನೊಂದು, ಹಿಡಿಯುವವರು ಕನಿಕರದಿಂದ ಹೂವಿನಂತೆ ಹಿಡಿಯುತ್ತಾರೆ. ಆಗ ಒತ್ತಡವೇ ಇಲ್ಲ, ಕಲಿಯಲು ಏನೂ ಸಿಗುವುದಿಲ್ಲ. ಎರಡರ ನಡುವಿನ ಬಲವನ್ನು ನಡೆಸುವವರೇ ಒಬ್ಬೊಬ್ಬರ ಕೈ ಹಿಡಿದು, ಅಥವಾ ಟವೆಲ್ ಎಳೆದು, ತೋರಿಸುವುದು ಲೇಸು.

ಅಭ್ಯಾಸ 4: "ಆಗಲ್ಲ" ಅನ್ನುವುದು, ಕೇಳುವುದು (ನಾಲ್ಕನೆಯ ವಾರ, 25 ನಿಮಿಷ)

ಎಂಟು ಹೆಜ್ಜೆ ದೂರದಲ್ಲಿ ಇಬ್ಬರು ಎದುರುಬದುರು. ಒಬ್ಬರು ನಡೆದು ಬರುತ್ತಾ ಒಂದು ಸಣ್ಣ ಬೇಡಿಕೆ ಇಡುತ್ತಾರೆ: "ಈ ಭಾನುವಾರವೂ ಕೆಲಸಕ್ಕೆ ಬಾ." ಇನ್ನೊಬ್ಬರು ಬಲಗೈ ಎದೆಯ ಮಟ್ಟಕ್ಕೆ ಎತ್ತಿ, ಅಂಗೈ ಮುಂದೆ ಮಾಡಿ, ಉಸಿರು ಬಿಡುತ್ತಾ "ಆಗಲ್ಲ" ಎನ್ನುತ್ತಾರೆ. ಬರುವವರು ಅಲ್ಲೇ ನಿಲ್ಲುತ್ತಾರೆ. ಹತ್ತು ಸಲ.

ಕಿವಿಗೊಟ್ಟು ಕೇಳಿ. ಬಾಯಿ "ಆಗಲ್ಲ" ಅನ್ನುವಾಗ ತಲೆ ಹೂಂ ಎಂದು ಆಡುತ್ತಿರುತ್ತದೆ. ಕೊನೆಯ ಸ್ವರ ಮೇಲೇರಿ ಪ್ರಶ್ನೆಯಾಗುತ್ತದೆ. ಕೈ ಮುಂದಿದ್ದರೂ ಒಂದು ಕಾಲು ಹಿಂದೆ ಸರಿದಿರುತ್ತದೆ. ಹಲವರು "ನೋಡೋಣ ಸಾರ್", "ಟ್ರೈ ಮಾಡ್ತೀನಿ ಸಾರ್" ಎಂದು ಜಾರುತ್ತಾರೆ. ಒಂದು ಸಲಕ್ಕೆ ಒಂದನ್ನೇ ಸರಿಪಡಿಸಿ: ಮೊದಲು ಕಾಲು, ಆಮೇಲೆ ತಲೆ, ಆಮೇಲೆ ದನಿ. ಮರ್ಯಾದೆಯ ಮಾತು ಬಿಡಬೇಕೆಂದಿಲ್ಲ. "ಆಗಲ್ಲ ಸಾರ್, ಭಾನುವಾರ ನನ್ನ ರಜಾ" ಎಂಬುದನ್ನು ಕೆಳದನಿಯಲ್ಲಿ, ಮುಖದಲ್ಲಿ ನಗು ಅಂಟಿಸಿಕೊಳ್ಳದೆ ಹೇಳಿದರೆ ಅದು ಕೂಗಿದ್ದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ.

ಇದರ ಇನ್ನೊಂದು ಅರ್ಧವನ್ನು ಬಹಳ ಮಂದಿ ಮರೆಯುತ್ತಾರೆ: "ಆಗಲ್ಲ" ಎನ್ನಿಸಿಕೊಳ್ಳುವುದು. ಸಂಘದ ಅಧ್ಯಕ್ಷರು, ಮೇಲ್ವಿಚಾರಕರು, ಮೇಲ್ಜಾತಿಯವರು, ಗಂಡಸರು ಇದನ್ನು ದುಪ್ಪಟ್ಟು ಮಾಡಬೇಕು. ಇಲ್ಲವೆನ್ನಿಸಿಕೊಂಡಾಗ ಮುಂದಕ್ಕೆ ವಾಲದೆ, "ಯಾಕೆ?" ಎನ್ನದೆ, ಒಂದು ಉಸಿರು ಬಿಟ್ಟು "ಸರಿ" ಎಂದು ನಿಂತಲ್ಲೇ ನಿಲ್ಲುವುದು. ನೋಡಲು ಸುಲಭ. ಐದನೆಯ ಸಲಕ್ಕೆ ಕುತ್ತಿಗೆ ಬಿಸಿಯಾಗುವುದು ತಿಳಿಯುತ್ತದೆ.

ಅಭ್ಯಾಸ 5: ಪ್ರತಿಮೆ (ಐದನೆಯ ವಾರ, 60 ನಿಮಿಷ)

ಬ್ರೆಜಿಲಿನ ರಂಗನಿರ್ದೇಶಕ ಆಗುಸ್ಟೊ ಬೋಆಲ್ 1971ರಲ್ಲಿ ಅಲ್ಲಿನ ಮಿಲಿಟರಿ ಆಳ್ವಿಕೆಯಲ್ಲಿ ಬಂಧನ, ಚಿತ್ರಹಿಂಸೆ ಅನುಭವಿಸಿ ದೇಶ ಬಿಟ್ಟವರು. 1973ರಲ್ಲಿ ಪೆರು ದೇಶದ ಸಾಕ್ಷರತಾ ಕಾರ್ಯಕ್ರಮದಲ್ಲಿ ಬೇರೆ ಬೇರೆ ನುಡಿಯಾಡುವ ಜನರ ನಡುವೆ ದುಡಿಯುತ್ತಾ ಈ ಬಗೆಯ ಮಾತಿಲ್ಲದ ರಂಗಕ್ರಮಗಳನ್ನು ಬೆಳೆಸಿದರು. ಭಾರತದಲ್ಲಿ ಪಶ್ಚಿಮ ಬಂಗಾಳದ ಜನ ಸಂಸ್ಕೃತಿ ತಂಡ 1985ರಿಂದ ಕೆಲಸ ಮಾಡುತ್ತಿದೆ, ಬೋಆಲ್ ಅವರ ವಿಧಾನವನ್ನು ಹಳ್ಳಿಗಳಲ್ಲಿ ನೆಲೆಗೊಳಿಸಿದೆ. ನಮ್ಮ ಕರ್ನಾಟಕದ ‘ಸಮುದಾಯ’ ಎಂಬ ರಂಗತಂಡದ ಬೀದಿನಾಟಕ ನೋಡಿದವರಿಗೆ ವ್ಯತ್ಯಾಸ ಬೇಗ ತಿಳಿಯುತ್ತದೆ: ಅಲ್ಲಿ ನಟರು ತೋರಿಸುತ್ತಾರೆ, ಇಲ್ಲಿ ನೋಡುವವರೇ ಎದ್ದು ಬರುತ್ತಾರೆ.

ನಾಲ್ಕು ನಾಲ್ಕು ಜನರ ತಂಡ ಮಾಡಿ. ಹತ್ತು ನಿಮಿಷದಲ್ಲಿ, ಮಾತಾಡದೆ, ಈಗಿರುವ ಸ್ಥಿತಿಯನ್ನು ಒಂದು ನಿಶ್ಚಲ ಚಿತ್ರವಾಗಿ ನಿಂತು ತೋರಿಸಬೇಕು. ಪಡಿತರ ಅಂಗಡಿ, ಲೈನ್ ಸೂಪರ್‌ವೈಸರ್, ನೀರಿನ ಟ್ಯಾಂಕ್, ಏನಾದರೂ. ಒಬ್ಬರನ್ನೊಬ್ಬರು ಎಳೆದಾಡಿ ನಿಲ್ಲಿಸುವುದು ಬೇಡ. ಭಂಗಿಯನ್ನು ತಾವು ಮಾಡಿ ತೋರಿಸಿದರೆ ಎದುರಿನವರು ಕನ್ನಡಿಯಂತೆ ಅನುಸರಿಸಲಿ. ಉಳಿದವರು ಸುತ್ತ ನಡೆದು ನೋಡಲಿ. ಆಮೇಲೆ ಬೇಕಾದ ಸ್ಥಿತಿಯ ಚಿತ್ರ. ಮೂರನೆಯದಾಗಿ ಮೊದಲ ಚಿತ್ರದಿಂದ ಎರಡನೆಯದಕ್ಕೆ ಐದು ಚಪ್ಪಾಳೆಗಳಲ್ಲಿ ಹೋಗಬೇಕು: ಒಂದು ಚಪ್ಪಾಳೆಗೆ ಒಬ್ಬೊಬ್ಬರದು ಒಂದೇ ಚಲನೆ.

ಪ್ರಶ್ನೆ ಕೇಳುವಾಗ "ಏನನ್ನಿಸಿತು?" ಎಂದರೆ "ಚೆನ್ನಾಗಿತ್ತು" ಎಂಬ ಉತ್ತರ ಬರುತ್ತದೆ, ಮುಗಿಯಿತು. "ಅವರ ಪಾದ ಎತ್ತ ತಿರುಗಿದೆ?", "ಇಡೀ ಚಿತ್ರದಲ್ಲಿ ಮೊದಲು ಅಲುಗಿದ್ದು ಯಾರ ಕೈ?", "ಯಾರ ಕಣ್ಣು ಯಾರ ಮೇಲಿದೆ?" ಎಂದು ಕೇಳಿ. ತಂಡಗಳು ಹೆಚ್ಚಾಗಿ ಎಡವುವುದು ಸೂಪರ್‌ವೈಸರ್ ಎರಡನೆಯ ಚಪ್ಪಾಳೆಗೇ ಒಳ್ಳೆಯವನಾಗುವ ಕಡೆ. ಬೋಆಲ್ ಪದ್ಧತಿಯಲ್ಲಿ ಹೀಗಾದಾಗ ನೋಡುವವರು "ಮ್ಯಾಜಿಕ್!" ಎಂದು ಕೂಗುತ್ತಾರೆ. ನಿಮ್ಮ ಗುಂಪೂ ಕೂಗಲಿ. ದಬ್ಬಾಳಿಕೆ ಮಾಡುವವರ ಭಂಗಿ ಕೊನೆಗೆ ಬದಲಾಗಬೇಕು, ಅದೂ ಉಳಿದವರು ಅಲುಗಿದ ಕಾರಣಕ್ಕೆ.

ಆರನೆಯ ವಾರ: ತಾಲೀಮು

ಈಗ ನಿಜವಾದ ಸಂದರ್ಭ ಒಂದನ್ನು ಆರಿಸಿ, ದಿನಾಂಕ ಗೊತ್ತಾದದ್ದೇ ಆಗಿರಲಿ. ಮೇಜು, ಕುರ್ಚಿ ಅದೇ ಎತ್ತರಕ್ಕೆ ಇಡಿ. ಅಧಿಕಾರಿ ಕೂತಿರುತ್ತಾರೆ, ನಮ್ಮವರು ನಿಂತಿರುತ್ತಾರೆ ಎಂದಾದರೆ ಹಾಗೇ ಮಾಡಿ. ಅಧಿಕಾರಿಯ ಪಾತ್ರವನ್ನು ಗುಂಪಿನಲ್ಲಿ ನಿಜವಾಗಿಯೂ ಇವರ ಮೇಲೆ ಹಿಡಿತ ಇರುವವರಿಗೆ ಕೊಡಬಾರದು, ಸಾಲ ಕೊಟ್ಟವರಿಗಂತೂ ಬೇಡವೇ ಬೇಡ.

ಪ್ರತಿ ಸುತ್ತು ಮೂರು ನಿಮಿಷ. ಮೊದಲ ಸುತ್ತಿನಲ್ಲಿ ಅಧಿಕಾರಿ ಸುಮ್ಮನೆ ಕೇಳುತ್ತಾರೆ. ಎರಡನೆಯದರಲ್ಲಿ ಮೊಬೈಲ್ ನೋಡುತ್ತಾರೆ. ಮೂರನೆಯದರಲ್ಲಿ "ನಾಳೆ ಬಾ". ನಾಲ್ಕನೆಯದರಲ್ಲಿ "ಯಾರು ನಿನ್ನ ಕಳಿಸಿದ್ದು?" ಒಂದು ಸುತ್ತಿಗೆ ಒಂದೇ ಕಷ್ಟ ಸೇರಿಸಿ. ನಮ್ಮವರ ಕೆಲಸ ಪ್ರತಿ ಸಲವೂ ಅದೇ: ಅಂಗಾಲು, ಉಸಿರು, ವಾಕ್ಯ. ಮಾತು ತಪ್ಪಿದರೆ ಹೊಸ ವಾದ ಹುಡುಕದೆ ಮೊದಲ ವಾಕ್ಯವನ್ನೇ ಮತ್ತೆ ಹೇಳುವುದು. ಅರ್ಜಿ ಹಿಡಿದ ಕೈ ನಡುಗುವುದಾದರೆ ಅರ್ಜಿಯನ್ನು ಗಟ್ಟಿ ಫೈಲಿನಲ್ಲಿ ಇಟ್ಟು ಎರಡೂ ಕೈಯಲ್ಲಿ ಹಿಡಿಯಲಿ, ಕಾಗದದ ಅಂಚು ನಡುಗಿ ಗುಟ್ಟು ಬಿಟ್ಟುಕೊಡುವುದಿಲ್ಲ. ಜೊತೆಗೆ ಹೋಗುವವರು ಎಲ್ಲಿ ನಿಲ್ಲಬೇಕೆಂಬುದೂ ತಾಲೀಮಿನ ಭಾಗ. ಬಾಗಿಲ ಬಳಿಯಲ್ಲ, ಬೆನ್ನ ಹಿಂದೆ ಎರಡು ಹೆಜ್ಜೆಯಲ್ಲಿ.

ಸುತ್ತು ಮುಗಿದ ಮೇಲೆ ಅಧಿಕಾರಿಯ ಪಾತ್ರ ಮಾಡಿದವರು ಕೈಕಾಲು ಕೊಡವಿ, ತಮ್ಮ ಸ್ವಂತ ಹೆಸರು ಹೇಳಿ, ಎದುರಿನವರಿಗೆ ಒಂದು ಲೋಟ ನೀರು ಕೊಡಲಿ. ಇದನ್ನು ಬಿಟ್ಟರೆ ಬೈದ ಮಾತು ಪಾತ್ರದಲ್ಲಿ ಉಳಿಯದೆ ಮನುಷ್ಯರಿಗೆ ಅಂಟಿಕೊಳ್ಳುತ್ತದೆ, ಸಂಘದ ಮುಂದಿನ ಸಭೆಯಲ್ಲಿ ಜಗಳವಾಗಿ ಬರುತ್ತದೆ.

ಯಾರಾದರೂ ಕುಸಿದರೆ

ಅತ್ತರೆ ಅಳಲಿ, ಸುತ್ತ ಮುತ್ತಿಕೊಂಡು ತಬ್ಬಿ ಸುಮ್ಮನಾಗಿಸಲು ಹೋಗಬೇಡಿ. ನೀರು ಕೊಟ್ಟು ಒಬ್ಬರು ಪಕ್ಕ ಕೂತರೆ ಸಾಕು. ಅಳುವಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ಮಂಕಾಗುವುದಕ್ಕೆ: ಕಣ್ಣು ಎಲ್ಲೋ ನೆಟ್ಟಿರುತ್ತದೆ, ಕರೆದರೆ ತಡವಾಗಿ ಓಗೊಡುತ್ತಾರೆ, ಕೈ ತಣ್ಣಗಿರುತ್ತದೆ. ಆಗ ಅಭ್ಯಾಸ ನಿಲ್ಲಿಸಿ. ಕೂರಿಸಿ, ಹೆಸರು ಹಿಡಿದು ಕರೆಯಿರಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿಸಿ, ಅಂಗಾಲನ್ನು ನೆಲಕ್ಕೆ ಒತ್ತಿಸಿ. ಕಣ್ಣು ಮುಚ್ಚಿಸಬೇಡಿ, "ಏನಾಯ್ತು, ಹೇಳಿ" ಎಂದು ಹಳೆಯದನ್ನು ಕೆದಕಬೇಡಿ. ಅವರು ಒಬ್ಬರೇ ಮನೆಗೆ ಹೋಗಬಾರದು. ಮಾರನೆಯ ದಿನವೂ ಹಾಗೇ ಇದ್ದರೆ ನೆರವು ಬೇಕು. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಈ ಅಭ್ಯಾಸಗಳು ಚಿಕಿತ್ಸೆಯಲ್ಲ, ನಡೆಸುವವರು ಚಿಕಿತ್ಸಕರೂ ಅಲ್ಲ.

ಮನೆಯಲ್ಲಿ

ವಾರಕ್ಕೊಮ್ಮೆ ಮಾಡಿದ್ದು ವಾರದೊಳಗೆ ಇಳಿದುಹೋಗುತ್ತದೆ. ದಿನಕ್ಕೆ ಐದು ನಿಮಿಷದ ಅಭ್ಯಾಸ ಬೇಕು, ಅದಕ್ಕೆ ಬೇರೆ ಹೊತ್ತು ಹುಡುಕಿದರೆ ಸಿಗುವುದಿಲ್ಲ. ಈಗಾಗಲೇ ನಿಂತಿರುವ ಹೊತ್ತಿಗೆ ಕಟ್ಟಿಹಾಕಿ: ಹಾಲು ಉಕ್ಕುವುದನ್ನು ಕಾಯುವಾಗ, ನಲ್ಲಿಯ ಸರದಿಯಲ್ಲಿ, ಕಂಪನಿ ಬಸ್ಸಿಗೆ ಕಾಯುವಾಗ. ವಾರದ ಕೊನೆಗೆ ಮೂರೇ ಪ್ರಶ್ನೆ ಕೇಳಿಕೊಳ್ಳಿ. ಈ ವಾರ ಮೈ ಎಲ್ಲಿ ಮುದುಡಿತು? ಅದು ಗೊತ್ತಾದದ್ದು ಆಗಲೋ, ಮನೆಗೆ ಬಂದ ಮೇಲೋ? ಮರಳಿ ನಿಲ್ಲಲು ಎಷ್ಟು ಹೊತ್ತು ಹಿಡಿಯಿತು? ಮುದುಡುವುದು ನಿಲ್ಲುವುದಿಲ್ಲ. ಗೊತ್ತಾಗುವುದು ಬೇಗವಾಗುತ್ತದೆ, ಮರಳುವುದು ಬೇಗವಾಗುತ್ತದೆ. ಪ್ರಗತಿಯನ್ನು ಅಳೆಯಬೇಕಾದದ್ದು ಅಲ್ಲಿ.

ಎಲ್ಲಿ ಬಳಸಬಾರದು

"ಆಗಲ್ಲ" ಎಂದವರಿಗೆ ಆಮೇಲೆ ಏನಾಗುತ್ತದೆ ಎಂದು ಲೆಕ್ಕ ಹಾಕದೆ ಯಾರನ್ನೂ ಮುಂದೆ ನಿಲ್ಲಿಸಬೇಡಿ. ಹೊಡೆಯುವ ಗಂಡನಿರುವ ಮನೆಯಲ್ಲಿ ನೆಟ್ಟಗೆ ನಿಂತು ಅಂಗೈ ಮುಂದೆ ಮಾಡುವುದು ಅಪಾಯ ಹೆಚ್ಚಿಸಬಹುದು. ಅಲ್ಲಿ ಮೊದಲು ಬೇಕಾದದ್ದು ಹೋಗಿ ಉಳಿಯಲು ಒಂದು ಜಾಗ, ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಒಬ್ಬಂಟಿ ಗುತ್ತಿಗೆ ಕಾರ್ಮಿಕರು ಮ್ಯಾನೇಜರ ಮುಂದೆ ಗಟ್ಟಿಯಾಗಿ ನಿಂತರೆ ಮಾರನೆಯ ದಿನ ಗೇಟಿನಲ್ಲೇ ತಡೆಯಬಹುದು. ಅಲ್ಲಿ ಐವರು ಕೂಡಿ ಹೋಗುವುದು, ಬರೆದುಕೊಟ್ಟು ಸ್ವೀಕೃತಿ ಪಡೆಯುವುದು ಮೊದಲು. ಯಾವ ವಾಕ್ಯವನ್ನು ಯಾರು, ಎಂದು, ಯಾರ ಜೊತೆ ಹೇಳಬೇಕೆಂಬ ತೀರ್ಮಾನ ಆ ಹೊರೆ ಹೊರುವವರದೇ. ಅವರು ಈ ತಿಂಗಳು ಬೇಡ ಎಂದರೆ, ನಾಲ್ಕನೆಯ ಅಭ್ಯಾಸದಲ್ಲಿ ನಡೆಸುವವರು ಕಲಿತ "ಸರಿ"ಯನ್ನು ಅಲ್ಲೇ ಬಳಸಬೇಕು.